ಹಿಂಬದಿ ಚಕ್ರ ಕಿರುಗುಟ್ಟಿದರೆ: ಸದ್ದಿನ ಮೂಲ ಎಲ್ಲಿ, ಪರಿಹಾರವೇನು?

ಅರಸೀಕೆರೆ: ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗವನ್ನು ಹಾಸನ–ಮೈಸೂರು ಕಡೆಯ ಮಾರ್ಗ ಸಂಧಿಸುವ ಜಂಕ್ಷನ್ ಅರಸೀಕೆರೆ. ಸೈಕಲ್ಲನ್ನು ರೈಲಿನಲ್ಲಿ ತಂದು ಇಲ್ಲಿ ಇಳಿದು, ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ 16 ಕಿ.ಮೀ. ದೂರದ ಬೇಲೂರಿಗೂ ಹೋಗುವುದು ಅರ್ಧ ದಿನದ ಸವಾರಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯ ಮತ್ತು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು ಸೋಮನಾಥಪುರದ ಕೇಶವ ದೇವಾಲಯದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಗುಡಿ ನೋಡಲು ಹೊರಟವರಿಗೂ, ದೂರದ ಸವಾರಿಯ ಹವ್ಯಾಸಿಗಳಿಗೂ ಇದು ಒಪ್ಪುವ ದಾರಿ.

ಇಂತಹ ದಾರಿಯಲ್ಲಿ ತೆಳು ಟಯರಿನ ಗೇರ್ ಸೈಕಲ್, ಅಂದರೆ ‘ರೋಡ್ ಬೈಕ್’ ಏರಿದವರನ್ನು ಕಾಡುವ ತೊಂದರೆಗಳಲ್ಲಿ ಪಂಕ್ಚರ್ ಸುಲಭದ್ದು. ಏನಾಗಿದೆ ಎಂಬುದು ತಕ್ಷಣ ತಿಳಿಯುತ್ತದೆ. ಕಷ್ಟದ್ದು ಹಿಂದಿನಿಂದ ಬರುವ ಕಿರ್ ಕಿರ್ ಸದ್ದು. ಏರಿನಲ್ಲಿ ಪೆಡಲ್ ಒತ್ತಿದಾಗ ಕೇಳಿಸುತ್ತದೆ, ಇಳಿದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸವಾರರು ಇಲ್ಲಿ ಎರಡು ತಪ್ಪು ಮಾಡುವುದುಂಟು. ಕೆಲವರು ಸದ್ದನ್ನು ನಿರ್ಲಕ್ಷಿಸಿ ಮುಂದೆ ಸಾಗುತ್ತಾರೆ. ಮತ್ತೆ ಕೆಲವರು ಊರಿಗೆ ಮರಳಿ ಮೊದಲು ಬೇರಿಂಗ್, ಆಮೇಲೆ ಕ್ಯಾಸೆಟ್, ಕೊನೆಗೆ ಇಡೀ ಚಕ್ರವನ್ನೇ ಬದಲಿಸುತ್ತಾರೆ. ಮೊದಲ ತಪ್ಪಿನಿಂದ ಪ್ರಾಣಕ್ಕೆ ಅಪಾಯ, ಎರಡನೆಯದರಿಂದ ಹಣ ನಷ್ಟ. ಹೆಚ್ಚಿನ ಸಂದರ್ಭಗಳಲ್ಲಿ ಬೇಕಾಗಿರುವುದು ಒಂದು ಹಳೆಯ ಬಟ್ಟೆ, ಬೆರಳ ತುದಿಯಷ್ಟು ಗ್ರೀಸ್ ಮತ್ತು ಸ್ವಲ್ಪ ತಾಳ್ಮೆ. ಆದರೆ ಕೆಲವು ಸದ್ದುಗಳು ಸವಾರಿಯನ್ನು ಅಲ್ಲಿಗೇ ನಿಲ್ಲಿಸಬೇಕೆಂಬ ಎಚ್ಚರಿಕೆ. ಇವೆರಡರ ವ್ಯತ್ಯಾಸ ತಿಳಿಯುವುದೇ ಮುಖ್ಯ.

ಸದ್ದು ಹುಟ್ಟುವುದು ಹೇಗೆ?

ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರಬೇಕಾದ ಎರಡು ಲೋಹದ ಮೈಗಳು ಭಾರ ಬಿದ್ದಾಗ ಕೂದಲೆಳೆಯಷ್ಟು ಸರಿದಾಡಿದರೆ ಕಿರುಗುಟ್ಟುವ ಸದ್ದು ಹುಟ್ಟುತ್ತದೆ. ನಡುವೆ ಗ್ರೀಸ್ ಆರಿ ಹೋಗಿರಬಹುದು, ಧೂಳು ಸೇರಿರಬಹುದು, ಅಥವಾ ಬಿಗಿ ಸಾಲದೆ ಇರಬಹುದು. ಹಳೆಯ ಬಾಗಿಲಿನ ಕೀಲು ಕಿರುಗುಟ್ಟುವುದೂ ಇದೇ ಕಾರಣಕ್ಕೆ.

ಹಿಂಬದಿ ಚಕ್ರದಲ್ಲಿ ಇಂತಹ ಕೂಡುಜಾಗಗಳು ಬಹಳ. ಸವಾರನ ಭಾರದ ಹೆಚ್ಚಿನ ಪಾಲನ್ನು ಹೊರುವುದು ಅದೇ. ಜೊತೆಗೆ ಚೈನಿನ ಎಳೆತವನ್ನು ಪಡೆದು ಸೈಕಲ್ಲನ್ನು ಮುಂದಕ್ಕೆ ದೂಡುವುದೂ ಅದೇ. ಚೈನು ಕ್ಯಾಸೆಟ್ಟಿನ ಹಲ್ಲುಗಳನ್ನು ಎಳೆಯುತ್ತದೆ, ಕ್ಯಾಸೆಟ್ ಹಬ್ಬನ್ನು ತಿರುಚುತ್ತದೆ, ಹಬ್ ಕಡ್ಡಿಗಳನ್ನು ಎಳೆಯುತ್ತದೆ, ಕಡ್ಡಿಗಳು ರಿಮ್ಮನ್ನು ತಿರುಗಿಸುತ್ತವೆ. ಈ ಸರಪಳಿಯಲ್ಲಿ ಎಲ್ಲಿ ಸಡಿಲವಿದ್ದರೂ ಅಲ್ಲಿ ಸದ್ದು.

ಊರಿನ ಸಾಮಾನ್ಯ ಸೈಕಲ್ಲಿಗೂ ರೋಡ್ ಬೈಕಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಹಾಲಿನ ಕ್ಯಾನ್ ಹೊರುವ ಹಳೆಯ ಮಾದರಿಯ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಸಾಮಾನ್ಯವಾಗಿ 40 ಕಡ್ಡಿಗಳಿರುತ್ತವೆ, ಎರಡೂ ಬದಿ ದಪ್ಪ ನಟ್ಟು ಬಿಗಿದಿರುತ್ತದೆ. ರೋಡ್ ಬೈಕಿನಲ್ಲಿ ಹಲವು ವೇಳೆ 24 ಅಥವಾ 28 ಕಡ್ಡಿಗಳು ಮಾತ್ರ. ಒಂದೊಂದು ಕಡ್ಡಿಯ ಪಾಲಿಗೆ ಬರುವ ಹೊರೆ ಹೆಚ್ಚು. ಒಂದು ಸಡಿಲವಾದರೂ ಚಕ್ರಕ್ಕೆ ತಿಳಿಯುತ್ತದೆ.

ಬಯಲುಸೀಮೆಯ ಧೂಳು, ಮಲೆನಾಡಿನ ಹನಿ

ಈ ದಾರಿಗೆ ತನ್ನದೇ ಆದ ಸ್ವಭಾವವಿದೆ. ತೆಂಗಿನ ತೋಟಗಳ ಅರಸೀಕೆರೆ ಬಯಲುಸೀಮೆ. ಯಗಚಿ ತೀರದ ಬೇಲೂರು ಮಲೆನಾಡಿನ ಅಂಚು. ಬೆಳಿಗ್ಗೆ ಒಣ ಧೂಳಿನಲ್ಲಿ ಹೊರಟ ಚಕ್ರ, ಮಳೆಗಾಲವಾದರೆ ಮಧ್ಯಾಹ್ನ ಜಿಟಿಜಿಟಿ ಹನಿಯಲ್ಲಿ ನೆನೆಯಬಹುದು. ಧೂಳು ನೀರಿನೊಂದಿಗೆ ಕಲೆತರೆ ಉಜ್ಜುವ ಕೆಸರಾಗುತ್ತದೆ, ಇದ್ದ ಗ್ರೀಸನ್ನೂ ಹಾಳುಮಾಡುತ್ತದೆ.

ಸುಗ್ಗಿಯ ದಿನಗಳಲ್ಲಿ ಮತ್ತೊಂದು ತೊಂದರೆ. ರಾಗಿ, ಹುರುಳಿಯ ಒಕ್ಕಣೆಯನ್ನು ರಸ್ತೆಯ ಮೇಲೆಯೇ ಮಾಡುವ ರೂಢಿ ಈ ಸೀಮೆಯಲ್ಲಿ ಇನ್ನೂ ಇದೆ. ಹುರುಳಿಯ ಬಳ್ಳಿಯ ನಾರು ಕ್ಯಾಸೆಟ್ಟಿಗೆ ಸುತ್ತಿಕೊಂಡರೆ, ಹೊಟ್ಟು ಹಬ್ಬಿನ ಅಂಚಿಗೆ ಸೇರಿದರೆ ಕಿರುಗುಟ್ಟುವಂತೆಯೇ ಸದ್ದು ಬರುತ್ತದೆ. ಆದ್ದರಿಂದ ಯಾವ ಸ್ಪ್ಯಾನರನ್ನೂ ಕೈಗೆತ್ತಿಕೊಳ್ಳುವ ಮೊದಲು ಚಕ್ರದ ನಡುವೆ ಕಸಕಡ್ಡಿ ಸಿಕ್ಕಿದೆಯೇ ಎಂದು ನೋಡುವುದು ಒಳಿತು. ಕೈಯಿಂದ ಅದನ್ನು ಬಿಡಿಸುವಾಗ ಚಕ್ರ ನಿಂತಿರಬೇಕು ಎಂಬುದನ್ನು ಮರೆಯಬಾರದು.

ಮೊದಲ ಪ್ರಶ್ನೆ: ಸದ್ದು ಚಕ್ರದ್ದೇ?

ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳಿಂದ ಆದದ್ದು. ಒಂದು ತುದಿಯಲ್ಲಿ ಹುಟ್ಟಿದ ಸದ್ದು ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ. ಹಿಂದಿನಿಂದ ಬಂದಂತೆ ತೋರುವ ಕಿರುಗುಟ್ಟು ಸೀಟಿನದೋ, ಪೆಡಲಿನದೋ, ಪೆಡಲ್ ತಿರುಗುವ ನಡುವಣ ಬೇರಿಂಗಿನದೋ ಆಗಿರಬಹುದು. ಕಿವಿಯನ್ನು ನೇರವಾಗಿ ನಂಬುವ ಬದಲು, ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಕ್ರಮವಾಗಿ ಪರೀಕ್ಷಿಸಬೇಕು. ವಾಹನ ಸಂಚಾರವಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಈ ನಾಲ್ಕು ಪರೀಕ್ಷೆಗಳು ಸಾಕು.

ಒಂದು: ಪೆಡಲ್ ತುಳಿಯುವುದನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿ ಹರಿಯಲು ಬಿಡುವುದು. ಆಗಲೂ ಸದ್ದು ಮುಂದುವರಿದರೆ ಕಡ್ಡಿ, ರಿಮ್, ಟ್ಯೂಬಿನ ವಾಲ್ವ್ ಅಥವಾ ಹಬ್ಬಿನ ಬೇರಿಂಗನ್ನು ಅನುಮಾನಿಸಬೇಕು. ತುಳಿದಾಗ ಮಾತ್ರ ಬಂದರೆ ಕ್ಯಾಸೆಟ್, ಚಕ್ರವನ್ನು ಚೌಕಟ್ಟಿಗೆ ಬಿಗಿದಿರುವ ಜಾಗ, ಅಥವಾ ಪೆಡಲ್ ಕಡೆಯ ಭಾಗಗಳು. ಎಳೆತಕ್ಕೆ ಮಾತ್ರ ದನಿಗೊಡುವ ಕಡ್ಡಿಗಳೂ ಇರಬಹುದು.

ಎರಡು: ಸೀಟಿನಿಂದ ಎದ್ದು ನಿಂತು ತುಳಿಯುವುದು. ಸದ್ದು ಮಾಯವಾದರೆ ಸೀಟು ಅಥವಾ ಸೀಟಿನ ಕೊಳವೆಯೇ ಕಾರಣ, ಚಕ್ರವನ್ನು ಮುಟ್ಟುವುದು ಬೇಡ. ಸದ್ದು ಹೆಚ್ಚಾದರೆ ಅನುಮಾನ ಚಕ್ರದತ್ತ ತಿರುಗುತ್ತದೆ. ನಿಂತು ತುಳಿಯುವಾಗ ಸೈಕಲ್ ಎಡಬಲಕ್ಕೆ ವಾಲುವುದರಿಂದ ಚಕ್ರದ ಮೇಲೆ ಅಡ್ಡ ಒತ್ತಡ ಬೀಳುತ್ತದೆ.

ಮೂರು: ಸದ್ದನ್ನು ಎಣಿಸುವುದು. 25 ಮಿ.ಮೀ. ಟಯರಿನ ರೋಡ್ ಬೈಕ್ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಹತ್ತಿರ ಹತ್ತಿರ 200 ಸುತ್ತು, ಅಂದರೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು. ಅದೇ ಹೊತ್ತಿಗೆ ಪೆಡಲ್ ತಿರುಗುವುದು ನಿಮಿಷಕ್ಕೆ 80ರ ಆಸುಪಾಸು. ಸದ್ದು ಬೇಗ ಬೇಗ ಬಂದರೆ ಚಕ್ರದ್ದು, ಕಾಲಿನ ಲಯಕ್ಕೆ ಸರಿಯಾಗಿ ಬಂದರೆ ಹೆಚ್ಚಾಗಿ ಪೆಡಲ್ ಕಡೆಯದು. ಮುಂದಿನ ಹಲ್ಲುಗಾಲಿ 50, ಹಿಂದಿನದು 25 ಹಲ್ಲುಗಳ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಚಕ್ರಕ್ಕೆ ಸರಿಯಾಗಿ ಎರಡು ಸುತ್ತು. ಗೇರ್ ಬದಲಿಸಿದಾಗ ಪೆಡಲಿನ ಲಯಕ್ಕೆ ಹೋಲಿಸಿ ಸದ್ದಿನ ಲಯವೂ ಬದಲಾದರೆ ಅದು ಚಕ್ರದ್ದೇ.

ನಾಲ್ಕು: ಜೊತೆಯ ಸವಾರರ ಹಿಂಬದಿ ಚಕ್ರವನ್ನು ಐದು ನಿಮಿಷಕ್ಕೆ ಎರವಲು ಪಡೆದು ಹಾಕಿ ನೋಡುವುದು. ಅಳತೆ, ಬ್ರೇಕ್, ಕ್ಯಾಸೆಟ್ ಹೊಂದಿಕೆಯಾಗಬೇಕು. ಸದ್ದು ಚಕ್ರದ ಜೊತೆ ಹೋದರೆ ಚಕ್ರದ್ದು, ಸೈಕಲ್ಲಿನಲ್ಲೇ ಉಳಿದರೆ ಸೈಕಲ್ಲಿನದು. ಇಷ್ಟು ಖಚಿತ ಉತ್ತರ ಬೇರೆ ಯಾವ ಪರೀಕ್ಷೆಯಿಂದಲೂ ಸಿಗದು.

ರೈಲಿನಿಂದ ಇಳಿದ ಚಕ್ರ

ರೈಲಿನಲ್ಲಿ ತರಲು ಚಕ್ರ ಬಿಚ್ಚಿ ಚೀಲದಲ್ಲಿ ಕಟ್ಟಿದವರು ಇಳಿದ ಮೇಲೆ ಆತುರದಲ್ಲಿ ಅದನ್ನು ಮತ್ತೆ ಜೋಡಿಸುತ್ತಾರೆ. ಹಿಂದಿನ ದಿನದವರೆಗೆ ಮೌನವಾಗಿದ್ದ ಸೈಕಲ್ ಅಂದು ಕಿರುಗುಟ್ಟಿದರೆ ಮೊದಲ ಅನುಮಾನ ಈ ಜೋಡಣೆಯ ಮೇಲೆಯೇ ಇರಬೇಕು.

ಹಲವು ರೋಡ್ ಬೈಕುಗಳಲ್ಲಿ ಚಕ್ರವನ್ನು ಹಿಡಿದಿಡುವುದು ‘ಕ್ವಿಕ್ ರಿಲೀಸ್’ ಎಂಬ ಹಿಡಿಕೆ. ಟೊಳ್ಳು ಆಕ್ಸಲ್ಲಿನೊಳಗೆ ತೂರಿದ ತೆಳು ಸಲಾಕೆ, ಒಂದು ತುದಿಗೆ ನಟ್ಟು, ಇನ್ನೊಂದು ತುದಿಗೆ ಮಡಚುವ ಹಿಡಿಕೆ. ಇಟಲಿಯ ಸೈಕಲ್ ಪಟು ಹಾಗೂ ತಯಾರಕ ಟುಲಿಯೊ ಕಂಪಾನ್ಯೊಲೊ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಸಾಧನದಿಂದ ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಬಹುದು. ಆದರೆ ಹಿಡಿಕೆ ಮಡಚಿದೆ ಎಂದ ಮಾತ್ರಕ್ಕೆ ಚಕ್ರ ಬಿಗಿಯಾಗಿದೆ ಎಂದರ್ಥವಲ್ಲ.

ಸರಿಯಾದ ಕ್ರಮ ಹೀಗಿದೆ. ಸೈಕಲ್ಲನ್ನು ತಲೆಕೆಳಗು ಮಾಡದೆ ನೆಲದ ಮೇಲೆ ನೇರವಾಗಿ ನಿಲ್ಲಿಸಬೇಕು. ಆಗ ಸೈಕಲ್ಲಿನ ತೂಕವೇ ಆಕ್ಸಲ್ಲನ್ನು ಅದರ ಗೂಡಿನ ತುದಿಯವರೆಗೆ ಕೂರಿಸುತ್ತದೆ. ಚೌಕಟ್ಟಿನ ಗೂಡು, ಹಬ್ಬಿನ ತುದಿ, ನಟ್ಟಿನ ಹಲ್ಲು ಎಲ್ಲವನ್ನೂ ಬಟ್ಟೆಯಿಂದ ಒರೆಸಿರಬೇಕು. ಸಲಾಕೆಯ ಎರಡೂ ಬದಿಯ ಪುಟ್ಟ ಸ್ಪ್ರಿಂಗುಗಳ ಕಿರಿದಾದ ತುದಿ ಒಳಮುಖವಾಗಿರಬೇಕು. ಹಿಡಿಕೆಯನ್ನು ಮಡಚುವಾಗ ಅದು ಅರ್ಧ ದಾರಿಗೆ, ಅಂದರೆ ಸಲಾಕೆಗೆ ನೇರವಾಗಿ ಚಾಚಿಕೊಂಡಾಗ, ಪ್ರತಿರೋಧ ಆರಂಭವಾಗಬೇಕು. ಪೂರ್ತಿ ಮಡಚಿದ ಮೇಲೆ ಅಂಗೈಯಲ್ಲಿ ಅದರ ಗುರುತು ಮೂಡಿರಬೇಕು. ಸಲೀಸಾಗಿ ಮಡಚಿಕೊಂಡರೆ ಬಿಗಿ ಸಾಲದು. ಹಿಡಿಕೆಯನ್ನು ತಿರುಪಿನಂತೆ ಸುತ್ತಿಸಿ ಬಿಗಿಯುವುದು ಅಪಾಯಕಾರಿ ತಪ್ಪು.

ಬಿಗಿ ಸರಿಯಿದ್ದೂ ಸದ್ದು ಬಂದರೆ ಸಲಾಕೆಯನ್ನು ಹೊರತೆಗೆದು ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಹಿಡಿಕೆಯ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡಬೇಕು. ಕೀಲು ಒಳಗೆ ಮುಚ್ಚಿಕೊಂಡಿರುವ ಮಾದರಿ ಹೊರಗೆ ತೆರೆದಿರುವ ಹಗುರ ಮಾದರಿಗಿಂತ ಬಿಗಿಯಾಗಿ ಹಿಡಿಯುತ್ತದೆ, ಧೂಳನ್ನೂ ತಡೆಯುತ್ತದೆ.

ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳಲ್ಲಿ ಸಲಾಕೆಯ ಬದಲು 12 ಮಿ.ಮೀ. ದಪ್ಪದ, ಚೌಕಟ್ಟಿಗೇ ತಿರುಪಿನಿಂದ ಕೂರುವ ‘ಥ್ರೂ ಆಕ್ಸಲ್’ ಇರುತ್ತದೆ. ಅದನ್ನು ಪೂರ್ತಿ ಒರೆಸಿ, ತಿರುಪಿಗೂ ಮೈಗೂ ತೆಳು ಗ್ರೀಸ್ ಹಚ್ಚಿ, ಅದರ ಮೇಲೆ ಅಥವಾ ಸೈಕಲ್ಲಿನ ಕೈಪಿಡಿಯಲ್ಲಿ ನಮೂದಿಸಿರುವ ಬಿಗಿಗೆ ತಿರುಗಿಸಬೇಕು. ಗೇರ್ ಬದಲಿಸುವ ಡಿರೇಲರನ್ನು ಹೊತ್ತಿರುವ ಪುಟ್ಟ ತಗಡು, ಅಂದರೆ ‘ಹ್ಯಾಂಗರ್’ ಇರುವುದೂ ಇದೇ ಜಾಗದಲ್ಲಿ. ಅದರ ಸಣ್ಣ ತಿರುಪು ಸಡಿಲವಾಗಿ, ಚಕ್ರದ ಮೇಲೆ ಅಪವಾದ ಬರುವುದೂ ಉಂಟು.

ಕ್ಯಾಸೆಟ್: ತುಳಿದಾಗ ಮಾತ್ರ ಬರುವ ಸದ್ದು

ಹಬ್ಬಿನ ಬಲಬದಿಯ ಗಾಡಿ ಹಾಕಿದ ತುಂಡಿನ ಮೇಲೆ ಹಲ್ಲುಗಾಲಿಗಳ ಗೊಂಚಲು ಕೂತಿರುತ್ತದೆ. ಇದೇ ಕ್ಯಾಸೆಟ್. ಹೊರತುದಿಯಲ್ಲಿ ಅದನ್ನು ಒತ್ತಿಹಿಡಿಯುವುದು ‘ಲಾಕ್‌ರಿಂಗ್’ ಎಂಬ ತಿರುಪಿನ ಬಳೆ. ಗಾಡಿಗಳು ಒಣಗಿದ್ದರೆ ಅಥವಾ ಬಳೆ ಸಡಿಲವಾಗಿದ್ದರೆ ಪ್ರತಿ ತುಳಿತಕ್ಕೂ ಹಲ್ಲುಗಾಲಿ ಅತ್ತಿತ್ತ ಜರುಗಿ ಕಿರುಗುಟ್ಟುತ್ತದೆ. ತುಳಿತ ನಿಂತೊಡನೆ ಸದ್ದೂ ನಿಲ್ಲುತ್ತದೆ.

ಚೈನನ್ನು ಸರಿಸಿ, ಚಿಕ್ಕ ಹಲ್ಲುಗಾಲಿಗಳನ್ನು ಬೆರಳಿನಿಂದ ಅಲುಗಾಡಿಸಿದಾಗ ಗಡಗಡ ಎಂದರೆ ಬಳೆ ಸಡಿಲ ಎಂದು ತಿಳಿಯಬೇಕು. ಬಿಚ್ಚಲು ಎರಡು ಸಾಧನಗಳು ಬೇಕು: ಬಳೆಯ ಹಲ್ಲಿಗೆ ಕೂರುವ ವಿಶೇಷ ತಿರುಗಣೆ ಮತ್ತು ಹಲ್ಲುಗಾಲಿ ತಿರುಗದಂತೆ ಹಿಡಿಯುವ, ಚೈನಿನ ತುಂಡು ಜೋಡಿಸಿದ ಹಿಡಿಕೆ. ಎಡಕ್ಕೆ ತಿರುಗಿಸಿದಾಗ ಬಳೆ ಟಕಟಕ ಎನ್ನುತ್ತಾ ಸಡಿಲುತ್ತದೆ. ಮುರಿಯಿತೆಂದು ಗಾಬರಿಯಾಗಬೇಕಿಲ್ಲ, ಅದು ತಡೆಹಲ್ಲಿನ ಸದ್ದು. ಕ್ಯಾಸೆಟ್ ಹೊರಬಂದ ಮೇಲೆ ಗಾಡಿಗಳನ್ನು ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಮತ್ತೆ ಕೂರಿಸಿ ಬಳೆಯನ್ನು 40 ನ್ಯೂಟನ್ ಮೀಟರ್ ಬಿಗಿಗೆ ತರಬೇಕು. ಅಳತೆಯ ಸ್ಪ್ಯಾನರ್ ಇಲ್ಲದವರು ನೆನಪಿಡಬೇಕಾದುದು ಇಷ್ಟು: ಇದು ಕೈಬೆರಳ ಬಿಗಿಯಲ್ಲ, ಉದ್ದ ಹಿಡಿಕೆಯ ಸ್ಪ್ಯಾನರಿನಿಂದ ಬಲವಾಗಿಯೇ ಒತ್ತಬೇಕಾದ ಬಿಗಿ.

ಅಲ್ಯುಮಿನಿಯಂ ತುಂಡಿನ ಮೇಲೆ ಉಕ್ಕಿನ ಹಲ್ಲುಗಾಲಿಗಳು ಕಚ್ಚಿದ ಗುರುತುಗಳು ಕಾಣುವುದು ಸಾಮಾನ್ಯ. ಆಳವಾಗಿದ್ದರೆ ಮಾತ್ರ ಚಿಂತಿಸಬೇಕು. ತುಳಿಯದೆ ಹರಿಯುವಾಗ ಮಾತ್ರ ಕೀರಲು ದನಿ ಬಂದರೆ ಹಬ್ಬಿನೊಳಗಿನ ಫ್ರೀಹಬ್‌ನ ಮುಚ್ಚಳ ಅಥವಾ ಬುಷ್ ಒಣಗಿದೆ ಎಂದರ್ಥ. ಅದನ್ನು ಬಿಚ್ಚಿ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು. ದಪ್ಪ ಗ್ರೀಸ್ ತುಂಬಿದರೆ ಒಳಗಿನ ಕಚ್ಚುಹಲ್ಲುಗಳು ಅಂಟಿಕೊಂಡು ಪೆಡಲ್ ಬರಿದೇ ತಿರುಗುವ ಅಪಾಯವಿದೆ.

ಕಡ್ಡಿಗಳು: ಒಂದು ಸವಾರಿಗೆ 95 ಸಾವಿರ ಸಲ

ಚಕ್ರದಲ್ಲಿ ಭಾರ ಹೊರುವ ಬಗೆ ಕುತೂಹಲಕರ. ಕಡ್ಡಿಗಳೆಲ್ಲವೂ ಮೊದಲೇ ಬಿಗಿಯಾಗಿ ಎಳೆದಿರುತ್ತವೆ. ಸವಾರ ಕುಳಿತಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ ಸ್ವಲ್ಪ ತಗ್ಗುತ್ತದೆ, ಉಳಿದವುಗಳಲ್ಲಿ ಹೆಚ್ಚೇನೂ ಬದಲಾಗದು. ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟಿಸಿದ ‘ದ ಬೈಸಿಕಲ್ ವ್ಹೀಲ್’ ಕೃತಿಯಲ್ಲಿ ಇದನ್ನು ವಿವರಿಸಿದ್ದಾರೆ. ಚಕ್ರ ತಿರುಗಿದಂತೆ ಪ್ರತಿ ಕಡ್ಡಿಯೂ ಒಂದು ಸುತ್ತಿಗೆ ಒಂದು ಸಲ ಸಡಿಲಿ ಮತ್ತೆ ಬಿಗಿಯುತ್ತದೆ. 200 ಕಿ.ಮೀ. ಸವಾರಿಯಲ್ಲಿ ಇದು ಸುಮಾರು 95 ಸಾವಿರ ಸಲ ನಡೆಯುತ್ತದೆ. ಸಾಕಷ್ಟು ಬಿಗಿಯಿಲ್ಲದ ಕಡ್ಡಿ ಬೇಗ ದಣಿದು ಮುರಿಯುವುದು ಇದೇ ಕಾರಣಕ್ಕೆ.

ಕಡ್ಡಿಗಳು ಒಂದನ್ನೊಂದು ಹಾಯುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗಿರುತ್ತದೆ. ಅಲ್ಲಿ ಧೂಳು ಕೂತರೆ ಪ್ರತಿ ಸುತ್ತಿಗೂ ಕಿರ್ ಎನ್ನುತ್ತದೆ. ಪತ್ತೆ ಮಾಡುವುದು ಸುಲಭ. ಸೈಕಲ್ಲನ್ನು ನಿಲ್ಲಿಸಿ, ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಹಿಸುಕುತ್ತಾ ಚಕ್ರದ ಸುತ್ತ ಬರಬೇಕು. ಕಿರುಗುಟ್ಟುವ ಜೋಡಿ ತಾನಾಗಿ ಸಿಗುತ್ತದೆ. ಹಾಯುವ ಜಾಗಕ್ಕೂ, ರಿಮ್ಮಿನೊಳಗೆ ಸೇರುವ ನಿಪ್ಪಲ್ಲಿಗೂ ಒಂದೊಂದು ತೊಟ್ಟು ತೆಳು ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಒರೆಸಿದರೆ ಸಾಕು.

ಬಿಗಿ ತಿಳಿಯಲು ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಮೀಟಿ ನೋಡಬಹುದು. ಬಲಬದಿಯವು ಪರಸ್ಪರ ಹತ್ತಿರದ ಶ್ರುತಿಯಲ್ಲಿರಬೇಕು, ಎಡಬದಿಯವೂ ಹಾಗೆಯೇ. ಆದರೆ ಬಲವನ್ನು ಎಡದೊಂದಿಗೆ ಹೋಲಿಸಬಾರದು. ಬಲಬದಿಯಲ್ಲಿ ಕ್ಯಾಸೆಟ್ ಜಾಗ ತಿಂದಿರುವುದರಿಂದ ಆ ಕಡೆಯ ಕಡ್ಡಿಗಳು ಹೆಚ್ಚು ನೇರವಾಗಿ ನಿಂತಿರುತ್ತವೆ. ಅವುಗಳ ಬಿಗಿ 100ರಿಂದ 120 ಕಿಲೋ ಭಾರದಷ್ಟಿದ್ದರೆ ಎಡಬದಿಯಲ್ಲಿ ಅದರ ಅರ್ಧದ ಆಸುಪಾಸು ಇರುವುದೇ ಸರಿ. ಎಡಬದಿಯವು ಸಡಿಲ ಎಂದುಕೊಂಡು ಎಲ್ಲವನ್ನೂ ಬಿಗಿದರೆ ರಿಮ್ ಒಂದು ಪಕ್ಕಕ್ಕೆ ಸರಿಯುತ್ತದೆ.

ಒಂದೇ ಒಂದು ಕಡ್ಡಿ ಸಡಿಲವಿದ್ದರೆ ಅಳತೆಗೆ ಸರಿಯಾದ ಕಡ್ಡಿ ಸ್ಪ್ಯಾನರಿನಿಂದ ಕಾಲು ಸುತ್ತಿನಂತೆ ಬಿಗಿಯಬಹುದು. ಟಯರಿನ ಕಡೆಯಿಂದ ನೋಡಿದಾಗ ಬಲಕ್ಕೆ ತಿರುಗಿಸಿದರೆ ಬಿಗಿ. ಹಲವು ಸಡಿಲವಿದ್ದರೆ, ರಿಮ್ ಬೆಂಡಾಗಿದ್ದರೆ, ಬೆಂಡ್ ತೆಗೆಯುವುದರಲ್ಲಿ ಪಳಗಿದ ಕೈಗೆ ಕೊಡುವುದೇ ಲೇಸು. ಹೊಸ ಚಕ್ರ ಮೊದಲ ಕೆಲವು ಸುತ್ತುಗಳಲ್ಲಿ ಟಿಣ್ ಟಿಣ್ ಎನ್ನುವುದು ಮಾತ್ರ ದೋಷವಲ್ಲ. ಬಿಗಿಯುವಾಗ ತಿರುಚಿಕೊಂಡ ಕಡ್ಡಿಗಳು ಬಿಡಿಸಿಕೊಳ್ಳುವ ಸದ್ದು ಅದು, ತಾನಾಗಿ ನಿಲ್ಲುತ್ತದೆ.

ವಾಲ್ವ್, ರಿಮ್, ಬೇರಿಂಗ್

ಸುತ್ತಿಗೆ ಒಂದೇ ಸಲ ‘ಟಕ್’ ಎಂದರೆ ಟ್ಯೂಬಿನ ವಾಲ್ವನ್ನು ನೋಡಬೇಕು. ಉದ್ದನೆಯ ತೆಳು ವಾಲ್ವ್ ರಿಮ್ಮಿನ ತೂತಿನ ಅಂಚಿಗೆ ಬಡಿಯುತ್ತಿರುತ್ತದೆ. ತೂತಿನ ಬಳಿ ವಾಲ್ವಿಗೆ ಸ್ವಲ್ಪ ಟೇಪ್ ಸುತ್ತಿದರೆ, ಇಲ್ಲವೇ ಅದರ ನಟ್ಟನ್ನು ಬೆರಳಿನಿಂದ ಹದವಾಗಿ ಬಿಗಿದರೆ ಸದ್ದು ನಿಲ್ಲುತ್ತದೆ. ಕಡ್ಡಿಗೆ ಕಟ್ಟಿದ ವೇಗಮಾಪಕದ ಅಯಸ್ಕಾಂತ, ರಿಫ್ಲೆಕ್ಟರ್ ಕೂಡ ಇದೇ ರೀತಿ ಸದ್ದು ಮಾಡುತ್ತವೆ. ಟೊಳ್ಳು ರಿಮ್ಮಿನೊಳಗೆ ಲೋಹದ ಚೂರು ಉಳಿದಿದ್ದರೆ ನಿಧಾನವಾಗಿ ತಿರುಗಿಸಿದಾಗ ಉರುಳುವುದು ಕೇಳುತ್ತದೆ.

ಬೇರಿಂಗಿನ ಸದ್ದು ಬೇರೆ ಜಾತಿಯದು. ಅದು ಕಿರುಗುಟ್ಟುವುದಕ್ಕಿಂತ ಹೆಚ್ಚಾಗಿ ಕರಕರ ಎನ್ನುತ್ತದೆ. ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಚೌಕಟ್ಟಿನ ಮೇಲಿಟ್ಟರೆ ಬೆರಳಿಗೇ ಅದರ ಒರಟು ತಿಳಿಯುತ್ತದೆ. ರಿಮ್ಮನ್ನು ಎಡಬಲಕ್ಕೆ ಅಲುಗಾಡಿಸಿದಾಗ ಹಬ್ಬಿನಲ್ಲಿ ಕೊಟಕೊಟ ಎಂದರೆ ಆಟ ಹೆಚ್ಚಾಗಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ನರಸಿಂಹ ಕಂಬ ಒಂದು ಕಾಲಕ್ಕೆ ತಾನಿದ್ದಲ್ಲೇ ತಿರುಗುತ್ತಿತ್ತು ಎಂಬ ಪ್ರತೀತಿ ಇದೆ. ನಿಜವೇನೇ ಇರಲಿ, ತಿರುಗುವ ಯಾವ ವಸ್ತುವೂ ನುಣುಪಾದ ಆಸರೆಯಿಲ್ಲದೆ ಬಹುಕಾಲ ತಿರುಗದು.

ಬಿಡಿ ಗುಂಡುಗಳ ಹಬ್ಬಿನಲ್ಲಿ ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಬದಿಗೆ 9ರಂತೆ ಕಾಲು ಇಂಚಿನ 18 ಗುಂಡುಗಳು. ಅವನ್ನು ತೊಳೆದು, ಹೊಸ ಗ್ರೀಸ್ ತುಂಬಿ, ತೆಳು ಸ್ಪ್ಯಾನರುಗಳಿಂದ ಕೋನ್ ಹೊಂದಿಸಬಹುದು. ಕ್ವಿಕ್ ರಿಲೀಸ್ ಬಿಗಿದಾಗ ಆಕ್ಸಲ್ ಸ್ವಲ್ಪ ಅದುಮಿಕೊಳ್ಳುವುದರಿಂದ, ಚಕ್ರ ಹೊರಗಿದ್ದಾಗ ಎಳ್ಳಷ್ಟು ಆಟ ಉಳಿಸಿ, ಬಿಗಿದ ಮೇಲೆ ಅದು ಮಾಯವಾಗುವಂತೆ ಹೊಂದಿಸಬೇಕು. ಮುಚ್ಚಿದ ಕಾರ್ಟ್ರಿಜ್ ಬೇರಿಂಗ್ ಆದರೆ ಸವೆದಾಗ ಬದಲಿಸುವುದೊಂದೇ ದಾರಿ.

ಕೊಬ್ಬರಿ ಎಣ್ಣೆ ಬೇಡ

ತೆಂಗಿನ ನಾಡಿನಲ್ಲಿ ಕಿರುಗುಟ್ಟುವ ಯಾವುದಕ್ಕೂ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಬಾಗಿಲ ಕೀಲಿಗೆ ಅದು ನಡೆದೀತು, ಸೈಕಲ್ಲಿಗೆ ಸಲ್ಲದು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಹಾಸನ ಜಿಲ್ಲೆಯ ಚಳಿಗಾಲದ ಬೆಳಗಿನಲ್ಲಿ ಅದು ಹಬ್ಬಿನೊಳಗೆ ಬೆಣ್ಣೆಯಂತೆ ಹೆಪ್ಪುಗಟ್ಟಿ, ಬಿಸಿಲೇರಿದಾಗ ಕರಗಿ ಹರಿದು, ಹೋದಲ್ಲೆಲ್ಲ ಧೂಳು ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳ ಕಥೆಯೂ ಅಷ್ಟೇ. ಅವು ಒಂದೆರಡು ದಿನ ಸದ್ದನ್ನು ಅಡಗಿಸಿ, ಬೇರಿಂಗಿನ ಒಳಗಿದ್ದ ಒಳ್ಳೆಯ ಗ್ರೀಸನ್ನು ತೊಳೆದುಹಾಕುತ್ತವೆ. ಸೀಮೆಎಣ್ಣೆ, ಡೀಸೆಲ್‌ಗಳನ್ನು ಚೈನು ತೊಳೆಯಲು ಬಳಸುವವರು ಅವು ಹಬ್ಬಿನೊಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬ್ರೇಕ್ ಹಿಡಿಯುವ ರಿಮ್ಮಿನ ಅಂಚಿಗೂ ಡಿಸ್ಕಿಗೂ ಎಣ್ಣೆಯ ಹನಿ ಸೋಕಬಾರದು.

ಯಾವಾಗ ಇಳಿದು ನಡೆಯಬೇಕು?

ಸದ್ದಿನ ಹಿಂದೆ ಬಿರುಕಿರಬಹುದು ಎಂಬ ಸಾಧ್ಯತೆಯನ್ನು ಎಂದೂ ಮರೆಯಬಾರದು. ನಿಪ್ಪಲ್ ಕೂರುವ ತೂತುಗಳ ಸುತ್ತ ರಿಮ್ಮಿನಲ್ಲಿ ಕೂದಲೆಳೆಯ ಗೆರೆ, ಕಡ್ಡಿ ಸೇರುವ ಹಬ್ಬಿನ ಅಂಚಿನಲ್ಲಿ ಸೀಳು, ಆಕ್ಸಲ್ ಕೂರುವ ಗೂಡಿನ ಬಳಿ ಚೌಕಟ್ಟಿನ ಬಣ್ಣ ಒಡೆದ ಗುರುತು: ಈ ಮೂರರಲ್ಲಿ ಒಂದು ಕಂಡರೂ ಸವಾರಿ ಅಲ್ಲಿಗೆ ಮುಗಿಯಿತು. ಒರೆಸಿದಾಗ ಹೋಗುವುದು ಕೊಳೆ, ಉಗುರು ಸಿಕ್ಕಿಕೊಳ್ಳುವುದು ಬಿರುಕು. ಇಂತಹ ಚಕ್ರ ಇಳಿಜಾರಿನಲ್ಲಿ ಮುನ್ಸೂಚನೆಯಿಲ್ಲದೆ ಕುಸಿಯಬಹುದು. ಸರಕು ಆಟೊವೋ ಬಸ್ಸೋ ಸಿಗುವವರೆಗೆ ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದು ಅವಮಾನವಲ್ಲ.

ಒಂದೇ ಕಡ್ಡಿ ಮುರಿದಿದ್ದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿ ಅಥವಾ ಕಟ್ಟಿ, ರಿಮ್ ಬ್ರೇಕ್ ಉಜ್ಜುತ್ತಿದ್ದರೆ ಅದರ ತೋಳನ್ನು ತುಸು ಸಡಿಲಿಸಿ, ಮುಂದಿನ ಬ್ರೇಕಿನ ಮೇಲೆ ಗಮನವಿಟ್ಟು ನಿಧಾನವಾಗಿ ಹತ್ತಿರದ ಊರು ತಲುಪಬಹುದು. ಎರಡು ಮುರಿದರೆ ಹತ್ತಬಾರದು.

ಜಾವಗಲ್, ಹಳೇಬೀಡಿನಂತಹ ಊರುಗಳ ಸೈಕಲ್ ಅಂಗಡಿಗಳಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನೂ ತಿಳಿದಿರಬೇಕು. ಕಡ್ಡಿ ಬಿಗಿಯುವುದು, ಬೆಂಡ್ ತೆಗೆಯುವುದು, ಗುಂಡು ಬದಲಿಸುವುದು ಹಳೆಯ ಮಾದರಿಯ ಸೈಕಲ್ಲುಗಳ ಮೇಲೆ ಪಳಗಿದ ಕೈಗಳಿಗೆ ಗೊತ್ತಿರುವ ಕೆಲಸ. ಆದರೆ ಕ್ಯಾಸೆಟ್ ಬಿಚ್ಚುವ ತಿರುಗಣೆ, ರೋಡ್ ಬೈಕಿನ ಅಳತೆಯ ಕಡ್ಡಿ ಎಲ್ಲ ಕಡೆ ಸಿಗಲಾರದು. ದೂರದ ಸವಾರಿಗೆ ಹೊರಡುವವರು ಕಡ್ಡಿ ಸ್ಪ್ಯಾನರ್, ತಮ್ಮ ಚಕ್ರದ ಅಳತೆಯ ಎರಡು ಕಡ್ಡಿ, ಸಣ್ಣ ಡಬ್ಬಿಯಲ್ಲಿ ಗ್ರೀಸ್, ಒಂದು ಬಟ್ಟೆಯನ್ನು ಜೊತೆಗಿಟ್ಟುಕೊಂಡರೆ ಹೆಚ್ಚು ಭಾರವಾಗದು. 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಗಳಲ್ಲಂತೂ ದಾರಿಯಲ್ಲಿ ಹುಡುಕುತ್ತಾ ಕಳೆದ ಒಂದು ಗಂಟೆಗೆ ಬೆಲೆ ಹೆಚ್ಚು.

ಒಂದು ಸಲಕ್ಕೆ ಒಂದೇ ಬದಲಾವಣೆ

ದುರಸ್ತಿಯಲ್ಲಿ ಪಾಲಿಸಬೇಕಾದ ನಿಯಮ ಒಂದಿದೆ. ಒಂದು ಸಲಕ್ಕೆ ಒಂದು ಭಾಗವನ್ನು ಮಾತ್ರ ಸರಿಪಡಿಸಿ, ನೂರು ಮೀಟರ್ ಓಡಿಸಿ ನೋಡಬೇಕು. ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ: ಕಸ ತೆಗೆಯುವುದು, ಚಕ್ರವನ್ನು ಮತ್ತೆ ಸರಿಯಾಗಿ ಕೂರಿಸುವುದು, ವಾಲ್ವ್, ಕಡ್ಡಿ, ಕ್ಯಾಸೆಟ್, ಬೇರಿಂಗ್. ಬಿರುಕಿನ ತಪಾಸಣೆ ಮಾತ್ರ ಎಲ್ಲಕ್ಕೂ ಮೊದಲೇ ಆಗಬೇಕು.

ಎಲ್ಲ ಕಡೆ ಏಕಕಾಲಕ್ಕೆ ಎಣ್ಣೆ ಸುರಿದರೆ ಸದ್ದು ನಿಲ್ಲಬಹುದು, ಆದರೆ ಯಾವುದರಿಂದ ನಿಂತಿತು ಎಂಬುದು ತಿಳಿಯದು. ಸಡಿಲ ಬಳೆ ಸಡಿಲವಾಗಿಯೇ ಉಳಿದಿರಬಹುದು. ಬಿರುಕು ಎಣ್ಣೆಯ ಮರೆಯಲ್ಲಿ ಬೆಳೆಯುತ್ತಿರಬಹುದು. ಸದ್ದು ಅಡಗಿದ ಮಾತ್ರಕ್ಕೆ ಚಕ್ರ ಸರಿಹೋಗಿದೆ ಎನ್ನಲಾಗದು. ಯಾವ ಕೂಡುಜಾಗ ಕಿರುಗುಟ್ಟುತ್ತಿತ್ತು, ಏನು ಮಾಡಿದ್ದರಿಂದ ನಿಂತಿತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಮುಂದಿನ ಇಳಿಜಾರಿನಲ್ಲಿ ಬ್ರೇಕಿನಿಂದ ಕೈ ಸಡಿಲಿಸುವುದು ಉಚಿತ.